ಬಲಗಡೆಯ ಸದ್ದು

“ಹನ್ನೆರಡು... ಹದಿಮೂರು...” ಗಾಡಿಯ ಕೆಳಗೆ ಮಲಗಿ ಅಳಿಯ ಜೋರಾಗಿ ಎಣಿಸುತ್ತಿದ್ದ. ಸ್ಟೀರಿಂಗಿಗೂ ಚಕ್ರಕ್ಕೂ ಕೊಂಡಿಯಾದ ಹಳೆಯ ಟೈ ರಾಡ್ ಎಂಡ್ ಎಷ್ಟು ಸುತ್ತಿನಲ್ಲಿ ಬಿಚ್ಚಿಕೊಳ್ಳುತ್ತದೋ ಹೊಸದನ್ನು ಅಷ್ಟೇ ಸುತ್ತು ತಿರುಗಿಸಿ ಕೂರಿಸಬೇಕು. ಇಲ್ಲದಿದ್ದರೆ ಸ್ಟೀರಿಂಗ್ ಒಂದು ಕಡೆ, ಚಕ್ರ ಇನ್ನೊಂದು ಕಡೆ.

“ಅಳಿಯಂದ್ರೆ, ಊಟಕ್ಕೆ ಎಷ್ಟು ಹೊತ್ತಿಗೆ ಏಳ್ತೀರಿ? ಒಂದಕ್ಕೋ, ಒಂದೂವರೆಗೋ?” ಅತ್ತೆ ಬಗ್ಗಿ ಕೇಳಿದರು.

ಎಣಿಕೆ ತಪ್ಪಿತು. ಹೆಂಡತಿಯಾಗಿದ್ದರೆ ಗದರಿಬಿಡುತ್ತಿದ್ದ. ಅತ್ತೆಗೆ ಏನನ್ನುವುದು? ಹಲ್ಲು ಕಚ್ಚಿಕೊಂಡು “ಒಂದೂವರೆಗೆ” ಎಂದು, ಬಿಚ್ಚಿದ್ದನ್ನೆಲ್ಲ ಮತ್ತೆ ತಿರುಗಿಸಿ ಒಂದರಿಂದ ಶುರು ಮಾಡಿದ. ಬೆಳಗಿನಿಂದ ಸ್ಪ್ಯಾನರ್ ಕೈಗೆ ಕೊಡುವ ಕೆಲಸ ಅತ್ತೆಯದು. ಹದಿನೇಳನೇ ನಂಬರ್ ಕೇಳಿದರೆ ಹತ್ತೊಂಬತ್ತು ಕೊಡುತ್ತಿದ್ದರು, ಅದನ್ನೂ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ.

ಆ ಹಳೆಯ ಎಸ್‌ಯುವಿ ಅವನ ಹೆಂಡತಿಯದು. ಅವಳು ನರ್ಸ್. ನಾಳೆಯಿಂದ ಬೆಟ್ಟದ ಮೇಲಿನ ಆಸ್ಪತ್ರೆಗೆ ವರ್ಗ, ದಿನಾ ಮೂವತ್ತೆರಡು ತಿರುವು ಹತ್ತಿ ಇಳಿಯಬೇಕು. ಆದರೆ ಮುಂದಿನ ಚಕ್ರಗಳಲ್ಲಿ ಒಂದು ತಿಂಗಳಿಂದ ಟಕ್ ಟಕ್ ಸದ್ದು. ಗ್ಯಾರೇಜಿನವನು ಅಲ್ಲಾಡಿಸಿ ನೋಡಿ, “ಚಕ್ರ ಹಿಡಿದಿಡೋ ಬಾಲ್ ಜಾಯಿಂಟ್ ಸವೆದಿದೆ. ಓಡ್ತಾ ಓಡ್ತಾ ಕಳಚಿಕೊಂಡ್ರೆ ಚಕ್ರ ಮಡಚಿ ಬೀಳುತ್ತೆ” ಎಂದು ಹೆದರಿಸಿ, ಹತ್ತು ದಿನ ಪುರುಸೊತ್ತಿಲ್ಲ ಎಂದು ಕೈ ಅಲ್ಲಾಡಿಸಿಬಿಟ್ಟ. ಗಣಿತದ ಮೇಷ್ಟ್ರಾದ ಅಳಿಯ ಮೂರು ವಿಡಿಯೋ ನೋಡಿ, ಎರಡೂ ಕಡೆಗೆ ಬಾಲ್ ಜಾಯಿಂಟು, ಟೈ ರಾಡ್ ಎಂಡು ಎಲ್ಲ ಹೊಸದು ತಂದು, ಭಾನುವಾರ ಬೆಳಿಗ್ಗೆ ಮನೆ ಮುಂದೆ ಗಾಡಿಯ ಮೂತಿ ಎತ್ತಿ ನಿಲ್ಲಿಸಿದ್ದ.

ಎಡಗಡೆ ಹೇಗೋ ಮುಗಿಯಿತು. ಬಲಗಡೆಯ ಬಾಲ್ ಜಾಯಿಂಟ್ ಜಪ್ಪಯ್ಯ ಅಂದರೂ ಬಿಡಲಿಲ್ಲ. ಸುತ್ತಿಗೆಯ ಏಟು ಜಾಯಿಂಟಿಗೆ ಹತ್ತು ಬಿದ್ದರೆ ಹೆಬ್ಬೆರಳಿಗೆ ಎರಡು. ಕೊನೆಗೂ ಕಳಚಿ ಬಂದಾಗ ಅದನ್ನು ಬೆಳಕಿಗೆ ಹಿಡಿದು, “ಎಡಗಡೆಯದರಷ್ಟು ಕೆಟ್ಟಿಲ್ಲ ಇದು. ಇನ್ನೂ ಗಟ್ಟಿಯಾಗೇ ಇದೆ” ಎಂದು ಗೊಣಗಿ ತಟ್ಟೆಗೆ ಎಸೆದು ಊಟಕ್ಕೆ ಹೋದ.

ಊಟ ಮುಗಿಸಿ ಬರುವಷ್ಟರಲ್ಲಿ ಅತ್ತೆ ನಟ್ಟು ಬೋಲ್ಟುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಪೇಪರಿನ ಮೇಲೆ ಸಾಲಾಗಿ ಜೋಡಿಸಿದ್ದರು. ಅವನು ಮತ್ತೆ ಕೆಳಗೆ ನುಸುಳಿದ. ತುಕ್ಕಿನ ಪುಡಿ ಬಿದ್ದು ಒಂದು ಕಣ್ಣು ಮುಚ್ಚಿಹೋಗಿತ್ತು. “ಬಾಲ್ ಜಾಯಿಂಟ್” ಎಂದು ಕೈ ಚಾಚಿದ. ಅತ್ತೆ ಹೊಸ ಸಾಮಾನಿನ ಡಬ್ಬಿಯಿಂದ ತೆಗೆದು ಕೊಟ್ಟರು.

“ಎಷ್ಟು ಸಲೀಸಾಗಿ ತಿರುಗುತ್ತೆ ನೋಡಿ ಅತ್ತೆ! ಹೊಸದು ಅಂದ್ರೆ ಹೊಸದೇ.”

ಅತ್ತೆ ಖಾಲಿ ಡಬ್ಬಿಯ ಮುಚ್ಚಳ ಹಾಕಿದರು.

ಸಂಜೆ ಹೆಂಡತಿ ಬೀದಿಯ ಕೊನೆಯ ಹಂಪ್‌ವರೆಗೆ ಓಡಿಸಿ ಬಂದು ಕಿಟಕಿಯಿಂದ ತಲೆ ಹೊರಹಾಕಿದಳು. “ಎಡಗಡೆ ತೆಪ್ಪಗಿದೆ. ಬಲಗಡೆ ಹಾಗೇ ಇದೆ ರೀ, ಟಕ್ ಟಕ್. ಅಳಿಯ ಅಲ್ಲ ಮಗಳ ಗಂಡ ಅಂತಾರಲ್ಲ, ಹಾಗಾಯ್ತು ನಿಮ್ಮ ರಿಪೇರಿ.”

ಅವನ ಸಿಟ್ಟು ನೆತ್ತಿಗೇರಿತು. ಬೆನ್ನು ಹೋಗಿತ್ತು, ಹೆಬ್ಬೆರಳು ಬಾತಿತ್ತು, ಇಡೀ ಭಾನುವಾರ ನೀರಿನಲ್ಲಿ ಹೋಮವಾಗಿತ್ತು. ಫೋನ್ ತೆಗೆದು ಅಂಗಡಿಯವನಿಗೆ ಹಚ್ಚಿದ. “ಏನ್ರೀ, ಡೂಪ್ಲಿಕೇಟ್ ಮಾಲು ಕೊಟ್ಟು ನಮ್ಮ ಜೀವದ ಜೊತೆ ಆಟ ಆಡ್ತೀರಾ?”

“ಅಂಗಡಿಯವರನ್ನ ಬೈಬೇಡಿ” ಎಂದರು ಅತ್ತೆ ಹಿಂದಿನಿಂದ. “ಹೊಸದು ಬೀರುವಿನಲ್ಲಿದೆ.”

ಅವನು ಫೋನ್ ಹಿಡಿದುಕೊಂಡೇ ತಿರುಗಿದ.

“ಹಳೇದು ಗಟ್ಟಿಯಾಗೇ ಇದೆ ಅಂದ್ರಲ್ಲ ನೀವು. ತಿಕ್ಕಿ ತೊಳೆದೆ, ಹೊಸದರ ಥರಾನೇ ಆಯ್ತು. ಸುಮ್ನೆ ಹೊಸದನ್ನ ಯಾಕೆ ಸವೆಸೋದು ಅಂತ ಎತ್ತಿಟ್ಟೆ.”

ಹೆಂಡತಿ ಗಾಡಿಯಿಂದ ಧುಮುಕಿದಳು. “ಅಮ್ಮಾ! ನಾಳೆ ಅದರ ಮೇಲೆ ಕೂತು ಬೆಟ್ಟ ಇಳಿಯೋಳು ನಾನು ಕಣಮ್ಮ! ಹೊಸ ಬೆಡ್‌ಶೀಟು ಎತ್ತಿಡ್ತೀಯ, ಹೊಸ ಕಪ್ಪು ಎತ್ತಿಡ್ತೀಯ, ಹಾಳಾಗ್ಲಿ ಅಂತ ಸುಮ್ನಿದ್ವಿ. ಗಾಡಿ ಸಾಮಾನನ್ನೂ ಎತ್ತಿಡ್ತಾರೇನಮ್ಮ ಯಾರಾದ್ರೂ?”

ಅತ್ತೆ ಒಳಗೆ ನಡೆದರು. ಇಬ್ಬರೂ ಬುಸುಗುಟ್ಟುತ್ತ ಹಿಂದೆ ಹೋದರು. ಬೀರು ತೆರೆಯಿತು. ಮಡಿಕೆ ಬಿಚ್ಚದ ಬೆಡ್‌ಶೀಟುಗಳು, ಇನ್ನೂ ಚೀಟಿ ಅಂಟಿಕೊಂಡಿದ್ದ ಕಪ್ಪುಗಳು, ಮಗಳು ಮೊದಲ ಸಂಬಳದಲ್ಲಿ ತಂದ ಶಾಲು. ಮಧ್ಯದಲ್ಲಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟ ಬಾಲ್ ಜಾಯಿಂಟ್.

ಬಯ್ಯಲು ಬಾಯಿ ತೆರೆದ ಅಳಿಯ ಅಲ್ಲೇ ನಿಂತ. ಬೀರುವಿನ ಮೂಲೆಗೆ ಒಂದು ಊರುಗೋಲು ಒರಗಿತ್ತು. ಅವನೇ ತಂದಿದ್ದು. ಮಾವನ ಹಳೆಯ ಕೋಲಿನ ತುದಿಯ ರಬ್ಬರ್ ಸವೆದು ಜಾರುತ್ತಿದೆ ಎಂದು ಹೋದ ವರ್ಷ ಹುಡುಕಿ ಹುಡುಕಿ ತಂದುಕೊಟ್ಟಿದ್ದ. ಅದರ ಪ್ಲಾಸ್ಟಿಕ್ ಕವರ್ ಇನ್ನೂ ಹಾಗೇ ಇತ್ತು. ಬಚ್ಚಲಿನಲ್ಲಿ ಜಾರಿ ಬಿದ್ದ ಮಾವ ಆಸ್ಪತ್ರೆಯಿಂದ ಹಿಂದಿರುಗಲಿಲ್ಲ. ಆ ದಿನ ಅವರ ಕೈಯಲ್ಲಿದ್ದ ಕೋಲು ಯಾವುದು ಎಂದು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಹೆಂಡತಿಯೂ ನೋಡಿದಳು. ಅವಳ ಸಿಟ್ಟು ಎಲ್ಲಿ ಹೋಯಿತೋ, ಅಮ್ಮನ ಮುಖ ನೋಡಲು ಅವಳಿಗೆ ಭಯವಾಯಿತು.

ಅತ್ತೆ ಬಟ್ಟೆ ಬಿಚ್ಚಿ ಬಾಲ್ ಜಾಯಿಂಟನ್ನು ಅಳಿಯನ ಕೈಗಿಟ್ಟರು. ಇಟ್ಟ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

“ಆ ಹಳೇ ಕೋಲೂ ಗಟ್ಟಿಯಾಗೇ ಇತ್ತು, ಅಳಿಯಂದ್ರೆ.”