ಚೆಲುವನಿಗೆ ಬಿದ್ದ ಓಟು

ಹೊಸ ಮಡಕೆಯ ನೀರಿನ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ಕಣ್ಣೆದುರು ನಿಲ್ಲುತ್ತದೆ.

ಮೈಸೂರಿನ ನಮ್ಮ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ನಾವೆಲ್ಲ ಚಾಪೆಯ ಮೇಲಿದ್ದೆವು, ಮೇಷ್ಟ್ರು ಕುರ್ಚಿಯಲ್ಲಿದ್ದರು. ದೊಡ್ಡವರ ಚುನಾವಣೆಯಂತೆ ನಾವೂ ಲೀಡರನ್ನು ಆರಿಸಬೇಕೆಂದು ಡಬ್ಬಿಗಳಿಗೆ ಗುಟ್ಟಾಗಿ ಹುಣಸೆಬೀಜ ಹಾಕಿಸಿದರು. ಗೆದ್ದವನು ಹರಿಜನ ಕೇರಿಯ ಚೆಲುವ. ಕಬಡ್ಡಿಯಲ್ಲಿ ಅವನನ್ನು ಹಿಡಿಯುವವರೇ ಇರಲಿಲ್ಲ. ಹೆಗಲ ಮೇಲೆ ಹೊತ್ತು ಕುಣಿದೆವು.

"ಸರಿ ಲೀಡರೇ, ಎಲ್ರಿಗೂ ನೀರು ಕೊಡಪ್ಪ," ಎಂದರು ಮೇಷ್ಟ್ರು.

ಮಡಕೆಯಿಂದ ಎಲ್ಲರ ಬೊಗಸೆಗೆ ನೀರು ಹುಯ್ಯುವುದು ಲೀಡರಿನ ಕೆಲಸ. ಆವರೆಗೆ ಅದು ಯಾರಿಗೂ ಹೊಳೆದಿರಲೇ ಇಲ್ಲ. ಚೆಲುವ ಸೌಟು ಎತ್ತಿದ. ಒಂದು ಕೈಯೂ ಮುಂದೆ ಬರಲಿಲ್ಲ.

"ಯಾಕ್ರೋ? ಈಗ ತಾನೇ ಹೊತ್ಕೊಂಡು ಕುಣಿದ್ರಲ್ರೋ!" ಎಂದರು ಮೇಷ್ಟ್ರು.

ಮನೆಯಲ್ಲಿ ಹೇಳಿದರೆ ಅಜ್ಜಿ ಹೌಹಾರಿದರು. "ಅಯ್ಯೋ, ಕುಡುದ್ಬುಟ್ಯೇನೋ?"

"ಇಲ್ಲಜ್ಜಿ."

"ಓಟು ಯಾರ್ಗಾದ್ರೂ ಹಾಕ್ಕೊ. ನೀರು ಮಾತ್ರ ಮನೇದೇ ಕುಡಿ ಕಣೋ."

ಮರುದಿನ ಕ್ಲಾಸಿನ ಗೋಡೆಯುದ್ದಕ್ಕೂ ಮನೆಮನೆಯ ಹಿತ್ತಾಳೆ ಚೊಂಬುಗಳು ಸಾಲಾಗಿ ಕೂತಿದ್ದವು. ಚೆಲುವ ಸೌಟು ಹಿಡಿದು ಮಡಕೆಯ ಪಕ್ಕ ನಿಂತೇ ಇದ್ದ. ಮೇಷ್ಟ್ರು ಕುರ್ಚಿಯಿಂದ ಎದ್ದು ಹೋಗಿ, ಅವನೆದುರು ಬಗ್ಗಿ, ಬೊಗಸೆ ಒಡ್ಡಿದರು.