ಏಳನೇ ನಂಬರಿನ ಪರೀಕ್ಷೆ

"ಅರ್ಥವಾಯಿತು, ಮುಂದಿನದು ಹೇಳಿಕೊಡಿ" ಎಂಬ ಸಾಲು ಪರದೆಯ ಮೇಲೆ ಮೂಡಿದಾಗ ಪುಟ್ಟಿಯ ಮೈ ಉರಿದುಹೋಯಿತು. ಇಷ್ಟು ಬೇಗ ಹೇಗೆ ಅರ್ಥವಾಗುತ್ತದೆ ಈ ಪ್ರಾಣಿಗೆ?

ಅಕ್ಕನ ಬಾಯಲ್ಲಿ ಮಾತ್ರ ಅವಳು ಪುಟ್ಟಿ. ಆಫೀಸಿನಲ್ಲಿ, ಗೋದಾಮುಗಳ ಸಾಫ್ಟ್‌ವೇರನ್ನು ವರ್ಷಗಳಿಂದ ಒಬ್ಬಳೇ ಸಾಕಿಕೊಂಡು ಬಂದ ಪ್ರೋಗ್ರಾಮರ್. ಈಗ ಆ ಕೆಲಸ ಕಡಲಾಚೆಯ ಕಂಪನಿಯ ಪಾಲಾಗಿತ್ತು. ಅವರಿಗೆ ಕಲಿಸಿಕೊಟ್ಟು ಅವಳು ಜಾಗ ಖಾಲಿ ಮಾಡಬೇಕು. ಕಲಿಯುವವರಿಗೆ ಹೆಸರಿಲ್ಲ, ಮುಖವಿಲ್ಲ, ದನಿಯಿಲ್ಲ, ಬರೀ ನಂಬರ್. ಕಲಿಸುವವಳ ಹೆಸರೂ ಅತ್ತ ಕಾಣುವುದಿಲ್ಲ. ಒಂದು ಕಂಪನಿಯ ಜನರನ್ನು ಇನ್ನೊಂದು ಕಂಪನಿ ಸೆಳೆಯಬಾರದಂತೆ. ಏಳನೇ ನಂಬರ್ ಗಂಡೋ ಹೆಣ್ಣೋ ಅವಳಿಗೆ ಗೊತ್ತಿರಲಿಲ್ಲ. ಬೈಯಲು ಅನುಕೂಲವೆಂದು ಗಂಡೆಂದೇ ಇಟ್ಟುಕೊಂಡಿದ್ದಳು.

"ಏಳನೇ ನಂಬರ್ ಪರೀಕ್ಷೆ ಪಾಸಾದ್ರೆ ನಿಮಗೆ ಬಿಡುಗಡೆ, ಮೇಡಂ," ಮ್ಯಾನೇಜರ್ ಏನೋ ಉಪಕಾರ ಮಾಡುವವರ ಹಾಗೆ ಹೇಳಿದ್ದರು. "ಫೇಲಾದ್ರೆ, ಇನ್ನೊಬ್ಬರು ಸಿಗೋವರೆಗೂ ನೀವೇ ಇರ್ಬೇಕಾಗುತ್ತೆ."

ಇರಲೇಬೇಕಿತ್ತು. ಮನೆ ನಡೆಯುತ್ತಿದ್ದುದು ಅವಳೊಬ್ಬಳ ಸಂಬಳದಲ್ಲಿ. ತಂಗಿಗೆ ಕಂಪ್ಯೂಟರ್ ಕೊಡಿಸಿ, ಪಕ್ಕದಲ್ಲೇ ಕೂತು ಪ್ರೋಗ್ರಾಮ್ ಬರೆಯಲು ಕಲಿಸಿದ್ದ ಅಕ್ಕನ ಕೆಲಸವೂ ಎಂದೋ ಕಡಲು ದಾಟಿ ಹೋಗಿತ್ತು. ಈಚೆಗೆ ಅಕ್ಕ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಏನೋ ಓದುತ್ತಿದ್ದಳು. ಕೇಳಿದರೆ, "ಕೈಗೂಡಲಿ, ಆಮೇಲೆ ಹೇಳ್ತೀನಿ. ಈ ವಯಸ್ಸಲ್ಲಿ ತಲೆಗೆ ಹತ್ತಬೇಕಲ್ಲ!" ಎಂದು ನಗುತ್ತಿದ್ದಳು. ಅವಳು ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು.

ಪುಟ್ಟಿ ಎಲ್ಲವನ್ನೂ ಕಲಿಸಿದಳು, ಒಂದನ್ನು ಬಿಟ್ಟು. ಹೊಸ ದಿನದ ಆರ್ಡರುಗಳನ್ನು ಕಳಿಸುವ ಮೊದಲು ಹಿಂದಿನ ದಿನದ್ದಕ್ಕೆ ಬೀಗ ಹಾಕಬೇಕು; ಇಲ್ಲದಿದ್ದರೆ ಹೋದ ಸಾಮಾನೇ ಮತ್ತೊಮ್ಮೆ ಹೊರಡುತ್ತದೆ. ಅದು ಎಲ್ಲೂ ಬರೆದಿರಲಿಲ್ಲ. ಅವಳ ಬೆರಳುಗಳಿಗಷ್ಟೇ ಗೊತ್ತಿತ್ತು.

"ಇನ್ನೇನಾದರೂ ಉಳಿದಿದೆಯೇ?" ಏಳನೇ ನಂಬರಿನಿಂದ ಪ್ರಶ್ನೆ ಬಂತು.

"ಇಲ್ಲ," ಎಂದು ಟೈಪ್ ಮಾಡಿದಳು. ಒಳಗೊಳಗೇ ಕಸಿವಿಸಿಯಾಯಿತು. ಯಾವನೋ ಏನೋ, ತನಗೇನು?

ಮರುದಿನ ಪರೀಕ್ಷೆ ಮುಗಿಯುವ ಮೊದಲೇ ಏಳನೇ ನಂಬರನ್ನು ತೆಗೆದುಹಾಕಿದರು. "ಸದ್ಯಕ್ಕೆ ನೀವೇ ಗತಿ," ಎಂದರು ಮ್ಯಾನೇಜರ್.

ಪುಟ್ಟಿ ಒಂದೇ ಉಸಿರಿಗೆ ಮನೆಗೆ ಬಂದಳು. "ಅಕ್ಕಾ, ನನ್ನ ಕೆಲಸ ಉಳೀತು ಕಣೇ!"

ಅಕ್ಕ ಹಿಂದಿನ ಕೋಣೆಯಲ್ಲಿ, ಮುಚ್ಚಿದ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಕಣ್ಣು ಕೆಂಪಾಗಿತ್ತು.

"ಒಬ್ಬಳದ್ದಾದ್ರೂ ಉಳೀತಲ್ಲ, ಸಾಕು," ಎಂದು ತಂಗಿಯ ಕೈ ಹಿಡಿದುಕೊಂಡಳು. "ನಂಗೂ ಒಂದು ಕೆಲಸ ಸಿಕ್ಕೋದ್ರಲ್ಲಿತ್ತು ಪುಟ್ಟಿ, ಮನೆಯಿಂದಲೇ. ಹೊರದೇಶದ ಕಂಪನಿ. ಅಲ್ಲಿ ಜನ ಸಾಲದೆ, ಇಲ್ಲಿ ಕೆಲಸ ಹೋದವರನ್ನೇ ಗುಟ್ಟಾಗಿ ಅಗ್ಗಕ್ಕೆ ಹಿಡೀತಿದ್ರು. ಇವತ್ತು ಬೇಡ ಅಂದ್ರು. ತಪ್ಪು ನಂದೇ ಬಿಡು."

"ಏನಾಯ್ತು?" ಎಂದಳು ಪುಟ್ಟಿ.

"ಪರೀಕ್ಷೇಲಿ ಗೋದಾಮಿನ ಸಾಮಾನೆಲ್ಲ ಎರಡೆರಡು ಸಲ ಕಳಿಸಿಬಿಟ್ಟೆ, ಕಲಿಸಿದವರು ಪಾಪ, ಏನೂ ಬಿಡದೆ ಹೇಳಿಕೊಟ್ಟಿದ್ರು ಕಣೇ."