ಉಗುರಿನ ಬಣ್ಣ

ಯಾರನ್ನಾದರೂ ಕಂಡು ಹೇಸಿದವರ ಉಗುರು ನೀಲಿಗಟ್ಟತೊಡಗಿದ ಮೇಲೆ ಹುಬ್ಬಳ್ಳಿಯಲ್ಲಿ ಉಗುರುಬಣ್ಣದ ವ್ಯಾಪಾರ ಜೋರಾಗಿತ್ತು. ಮಂಗಳಮುಖಿಯರ ಒಂದು ಮನೆಯಲ್ಲಿ ಮಾತ್ರ ಮುಚ್ಚುಮರೆ ಬೇಡವೆಂದು ಯಾರೂ ಹಚ್ಚುತ್ತಿರಲಿಲ್ಲ, ಗುರು ಜರೀನಮ್ಮನೊಬ್ಬಳನ್ನು ಬಿಟ್ಟು. ಅವಳ ಉಗುರು ಸದಾ ಕೆಂಪು.

ಗಡ್ಡದ ಕೂದಲು ಕೀಳಿಸಿಕೊಳ್ಳಲು ಇಂದುಶ್ರೀ ಅವಳೆದುರು ಗಲ್ಲ ಒಡ್ಡಿ ಕೂತಿದ್ದಳು. ಮನೆಮಂದಿಗೆಲ್ಲ ಒಂದೇ ಚಿಮಟ. ಅದು ತಾಗುವ ಮುನ್ನ ಹೇಳಿಬಿಡಬೇಕಿತ್ತು. ಆದರೆ ಹೋದ ವರ್ಷ ಇದೇ ಕಾಯಿಲೆಯ ಸೀಮಾಳ ತಟ್ಟೆ ಬೇರೆ ಇಟ್ಟ ದಿನ ಇಲ್ಲಿ ಎಷ್ಟು ಉಗುರು ನೀಲಿಯಾಗಿದ್ದವೆಂದು ಅವಳು ಮರೆತಿರಲಿಲ್ಲ.

"ಅಮ್ಮಾ, ನನಗ ಎಚ್ಐವಿ ಐತಿ. ಗುಳಿಗಿ ತಗೊಳಾಕತ್ತೀನಿ."

ಜರೀನಮ್ಮ ಚಿಮಟ ಕೆಳಗಿಟ್ಟಳು. ಹತ್ತಿಗೆ ರಿಮೂವರ್ ಸುರಿದುಕೊಂಡು ತನ್ನ ಹೆಬ್ಬೆರಳನ್ನು ಉಜ್ಜಿದಳು. ಕೆಂಪಿನಡಿ ಅಚ್ಚ ನೀಲಿ.

ಇಂದುಶ್ರೀ ಏಳಹೋದಳು.

"ಕುಂಡ್ರು. ಇದು ನಿನ್ನ ಸಲುವಾಗಿ ಅಲ್ಲ. ನಾನೂ ಅದೇ ಗುಳಿಗಿ ನುಂಗಾಕಿ. ಗೊತ್ತಾದ ದಿನ ಕನ್ನಡಿ ನೋಡ್ಕೊಂಡೆ, ನನ್ನ ಮ್ಯಾಲ ನನಗ ಹೇಸಿಗಿ ಬಂತು. ಇನ್ನೂ ಹೋಗಿಲ್ಲ." ಜರೀನಮ್ಮ ಮತ್ತೆ ಚಿಮಟ ಎತ್ತಿಕೊಂಡಳು. "ಎಲ್ಲಿ, ನಿನ್ನ ಕೈ ತೋರಸು."

ಆಸ್ಪತ್ರೆಯಿಂದ ಬಂದಾಗಿನಿಂದ ಇಂದುಶ್ರೀ ಎಲ್ಲರ ಉಗುರನ್ನೂ ಕದ್ದು ನೋಡಿದ್ದಳು. ತನ್ನವನ್ನು ನೋಡಿಕೊಂಡಿರಲೇ ಇಲ್ಲ.

ಬಿಗಿಹಿಡಿದ ಮುಷ್ಟಿ ಬಿಚ್ಚಲು ಅವಳಿಗೆ ಧೈರ್ಯ ಬರಲಿಲ್ಲ.